ಕುಂಬಳಕಾಯಿ ಕೇಕ್, ಹರಡಿಹೋದ ನಾನ್‌ಖಟಾಯಿ: ದಸರಾ ರಜೆಯ ಪತ್ರಗಳು

ದಸರಾ ರಜೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬೇರೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು, ಇಡ್ಲಿ ಗಟ್ಟಿಯಾಯಿತು ಎನ್ನುವವರೆಲ್ಲ ಮಾಯ. ಈ ಸಲ ಅರ್ಧಕ್ಕಿಂತ ಜಾಸ್ತಿ ಪತ್ರ ಮಕ್ಕಳ ಕಾಟದವು. ಫೋನಿನಲ್ಲಿ ಕೇಕ್ ನೋಡುತ್ತವೆ, ಬಿಸ್ಕೆಟ್ ನೋಡುತ್ತವೆ, ಆಮೇಲೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತವೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅವರಿಗೇ ಬಿಟ್ಟಿದ್ದೇನೆ. ಉಪ್ಪಿನಕಾಯಿಯವರು ಮುಂದಿನ ಸಲ ಬನ್ನಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ಹೊರದೇಶದವರು ಎಲೆ ಉದುರುವ ಕಾಲಕ್ಕೆ ಕುಂಬಳಕಾಯಿ ಪೈ, ದಾಲ್ಚಿನ್ನಿ ಕೇಕ್ ಅಂತ ಮಾಡುವುದನ್ನು ಫೋನಿನಲ್ಲಿ ನೋಡಿ ತನಗೂ ಅದೇ ಬೇಕು ಎಂದು ಹಟ ಹಿಡಿದಿದ್ದಾಳೆ. ನಮ್ಮ ಕಡೆ ಅಂಥ ಕಾಲ ಎಲ್ಲಿದೆ? ಮನೆಯಲ್ಲಿ ಓವನ್ ಕೂಡ ಇಲ್ಲ.
– ಒಬ್ಬ ತಾಯಿ, ಕೊಪ್ಪಳ

ಉತ್ತರ: ಎಲೆ ಉದುರದಿದ್ದರೆ ಉದುರದೇ ಇರಲಿ ಬಿಡಿ ತಂಗಿ, ಕಾಲ ಅಂತೂ ಬಂದಿದೆ ಅಲ್ವಾ. ದಸರಾ ಮುಗಿದು ಐದನೇ ದಿನಕ್ಕೆ ಶೀಗಿ ಹುಣ್ಣಿಮೆ, ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಶೇಂಗಾ ಕೀಳುವ ಹೊತ್ತು, ಸಜ್ಜೆ ತೆನೆ ಮನೆಗೆ ಬರುವ ಹೊತ್ತು. ಸಂತೆಯಲ್ಲಿ ಸಿಹಿಗುಂಬಳದ ಹೋಳು, ಪಕ್ಕದಲ್ಲಿ ಬುಟ್ಟಿ ತುಂಬ ಸೀತಾಫಲ. ಇನ್ನು ಮಸಾಲೆ ವಿಷಯ. ಅಮೆರಿಕದವರು ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ಹಬ್ಬ ಮಾಡುತ್ತಾರೆ, ಅದರ ಊಟಕ್ಕೆ ಕುಂಬಳಕಾಯಿ ಪೈ ಇರಬೇಕು. ಆ ಪೈಗೆ ಹಾಕುವ ಪುಡಿಯನ್ನು ಅಲ್ಲಿ ಸಣ್ಣ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ದಾಲ್ಚಿನ್ನಿ, ಒಣಶುಂಠಿ, ಲವಂಗ, ಜಾಜಿಕಾಯಿ! ನಿಮ್ಮ ಮಸಾಲೆ ಡಬ್ಬಿಯಲ್ಲಿ ಇಲ್ಲದ್ದು ಒಂದೂ ಇಲ್ಲ.

ಆದರೆ ಪೈ ಬೇಡ, ಕೇಕ್ ಮಾಡಿ. ಪೈಯ ಹೊರಪದರಕ್ಕೆ ತಣ್ಣನೆ ಬೆಣ್ಣೆ ಕರಗದ ಹಾಗೆ ಕಲಸಬೇಕು, ನಮ್ಮ ಬಿಸಿಲಿಗೆ ಅದು ಆಗುವ ಮಾತಲ್ಲ.

ಸಿಹಿಗುಂಬಳವನ್ನು ನೀರಲ್ಲಿ ಬೇಯಿಸಬೇಡಿ, ಹಬೆಯಲ್ಲಿ ಬೇಯಿಸಿ. ಸಿಪ್ಪೆ ತೆಗೆದು ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು, ಆಮೇಲೆ ಮಗಳ ಕೈಗೆ ಕೊಡಿ, ಚೆನ್ನಾಗಿ ಕಿವುಚಲಿ. ಒಂದು ಕಪ್ ಬೇಕು. ಮುಕ್ಕಾಲು ಕಪ್ ಪುಡಿಬೆಲ್ಲವನ್ನು ಕಾಲು ಕಪ್ ನೀರಲ್ಲಿ ಕರಗಿಸಿ ಸೋಸಿ, ಪೂರ್ತಿ ಆರಿಸಿ. ಸೋಸದೆ ಹಾಕಿದರೆ ಮರಳು ಹಲ್ಲಿಗೆ ಸಿಗುತ್ತದೆ, ಬಿಸಿಬಿಸಿ ಹಾಕಿದರೆ ಮೊಸರು ಒಡೆಯುತ್ತದೆ. ಇದಕ್ಕೆ ಅರ್ಧ ಕಪ್ ಸೂರ್ಯಕಾಂತಿ ಎಣ್ಣೆ, ಕಾಲು ಕಪ್ ಮೊಸರು, ಕುಂಬಳ ಸೇರಿಸಿ ಕದಡಿ. ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ಗೋಧಿ ಹಿಟ್ಟು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ದಾಲ್ಚಿನ್ನಿ ಪುಡಿ ಅರ್ಧ ಚಮಚ, ಶುಂಠಿ ಪುಡಿ ಅರ್ಧ ಚಮಚ, ಒಂದು ಲವಂಗ ಕುಟ್ಟಿದ್ದು. ಎಲ್ಲ ಎರಡು ಸಲ ಜರಡಿ ಹಿಡಿಯಿರಿ. ಚಮಚ ಅಂದರೆ ಚಹಾದ ಸಣ್ಣ ಚಮಚ, ಸಾರು ಬಡಿಸುವುದಲ್ಲ. (ಹೋದ ವರ್ಷ ಒಬ್ಬರು ಊಟದ ಚಮಚದಲ್ಲಿ ಸೋಡಾ ಹಾಕಿ ನನಗೆ ಬೈದು ಬರೆದಿದ್ದರು.) ಎರಡನ್ನೂ ಕೂಡಿಸಿ, ಹಿಟ್ಟು ಕಾಣದ ಹಾಗಾದರೆ ಸಾಕು, ನಿಲ್ಲಿಸಿ. ಜಾಸ್ತಿ ತಿರುವಿದರೆ ಚಪಾತಿ ಹಿಟ್ಟಿನ ಹಾಗೆ ನಾರು ನಾರಾಗುತ್ತದೆ.

ಓವನ್ ಇಲ್ಲದಿದ್ದರೆ ದಪ್ಪ ತಳದ ಹಳೆಯ ಪಾತ್ರೆ ಸಾಕು, ಮುಚ್ಚಳ ಸರಿಯಾಗಿ ಕೂರಬೇಕು ಅಷ್ಟೇ. ಕುಕ್ಕರಾದರೂ ಆಗುತ್ತದೆ, ಆದರೆ ದಿನಾ ಬಳಸುವ ಒಳ್ಳೆಯ ಕುಕ್ಕರ್ ಬೇಡ, ನೀರಿಲ್ಲದೆ ಕಾಯಿಸಿದರೆ ಅದರ ಆಯುಸ್ಸು ಕಮ್ಮಿಯಾಗುತ್ತದೆ. ತಳಕ್ಕೆ ಎರಡು ಕಪ್ ಮರಳು ಅಥವಾ ಪುಡಿ ಉಪ್ಪು ಹರಡಿ. ಕಲ್ಲುಪ್ಪು ಹಾಕಬೇಡಿ, ಕಾದಾಗ ಚಟಪಟ ಸಿಡಿಯುತ್ತದೆ. ಮೇಲೆ ಒಂದು ಸ್ಟ್ಯಾಂಡ್ ಇಟ್ಟು ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕುಕ್ಕರಾದರೆ ಗ್ಯಾಸ್ಕೆಟ್ಟೂ ಸೀಟಿಯೂ ಎರಡೂ ತೆಗೆದಿರಬೇಕು, ಒಳಗೆ ಒಂದು ಹನಿ ನೀರು ಇರಬಾರದು. ನಾನು ಮೊದಲ ಸಲ ಮಾಡಿದಾಗ ಗ್ಯಾಸ್ಕೆಟ್ ತೆಗೆಯುವುದು ಮರೆತೆ. ಕೇಕ್ ಚೆನ್ನಾಗಿಯೇ ಉಬ್ಬಿತು, ಆದರೆ ಬಾಯಿಗಿಟ್ಟರೆ ಸೈಕಲ್ ಟ್ಯೂಬಿನ ವಾಸನೆ. ಮಕ್ಕಳು ಇವತ್ತಿಗೂ ಅದನ್ನು ಹೇಳಿ ಹೇಳಿ ನಗುತ್ತಾರೆ. ಹಿಟ್ಟನ್ನು ಎಣ್ಣೆ ಸವರಿದ ಡಬ್ಬಿಗೆ ಅರ್ಧದಷ್ಟು ಮಾತ್ರ ಸುರಿದು, ಸಣ್ಣ ಉರಿಯಲ್ಲಿ 45 ರಿಂದ 55 ನಿಮಿಷ ಬಿಡಿ. ಓವನ್ ಇದ್ದವರು 180 ಡಿಗ್ರಿಯಲ್ಲಿ 40 ನಿಮಿಷ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಅಂಟಬಾರದು. ಆ ಉಪ್ಪನ್ನು ಆಮೇಲೆ ಸಾರಿಗೆ ಹಾಕಬೇಡಿ, ಬೇರೆ ಡಬ್ಬಿಯಲ್ಲಿ ಎತ್ತಿಟ್ಟರೆ ಮುಂದಿನ ಕೇಕಿಗೂ ಅದೇ ನಡೆಯುತ್ತದೆ.

ಪ್ರಶ್ನೆ: ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದಾರೆ. ಮೈದಾ ಬೇಡವೇ ಬೇಡ ಎಂದು ಸೊಸೆಯ ಕಟ್ಟಪ್ಪಣೆ. ಮನೆಯಲ್ಲಿ ಜೋಳದ ಹಿಟ್ಟಿದೆಯಲ್ಲ ಎಂದು ಅದರಲ್ಲೇ ಕೇಕ್ ಮಾಡಿದೆವು. ಕೊಯ್ಯಲು ಹೋದರೆ ಪುಡಿಪುಡಿಯಾಗಿ ಉದುರಿತು. ಹುಡುಗರು ಚಮಚದಲ್ಲಿ ತಿಂದರು.
– ಒಬ್ಬ ಅಜ್ಜಿ, ರಾಯಚೂರು

ಉತ್ತರ: ಅವ್ವಾ, ಇದರ ಉತ್ತರ ನಿಮ್ಮ ಕೈಗೆ ಯಾವತ್ತೋ ಗೊತ್ತು. ರೊಟ್ಟಿ ಬಡಿಯುವಾಗ ಎಸರು ಕಾಯಿಸಿ ಕುದಿಯುವ ನೀರು ಹಾಕಿ ಹಿಟ್ಟು ಕಲಸುತ್ತೀರಲ್ಲ, ಯಾಕೆ? ತಣ್ಣೀರಲ್ಲಿ ಕಲಸಿದರೆ ಜಿಗಿ ಬರುವುದಿಲ್ಲ, ಅಂಚು ಒಡೆಯುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎನ್ನುವ ಅಂಟಿದೆ, ಜೋಳದಲ್ಲಿ ಸಜ್ಜೆಯಲ್ಲಿ ಅದಿಲ್ಲ. ಗೋಧಿ ಹಿಟ್ಟು ಗಾಳಿಗುಳ್ಳೆಯನ್ನು ಬಲೂನಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ, ಜೋಳದ ಹಿಟ್ಟಿನ ಕೈಯಿಂದ ಗಾಳಿ ಜಾರಿಹೋಗುತ್ತದೆ. ಹಾಗಾಗಿ ಅರ್ಧ ಜೋಳ, ಅರ್ಧ ಗೋಧಿ ಹಾಕಿ. ಮೇಲೆ ಹೇಳಿದ ಕುಂಬಳಕಾಯಿ ಕೇಕಿಗೆ ಮುಕ್ಕಾಲು ಕಪ್ ಅದು, ಮುಕ್ಕಾಲು ಕಪ್ ಇದು. ಹಿಟ್ಟು ಕಲಸುವ ಮೊದಲು ಜೋಳದ ಹಿಟ್ಟನ್ನು ಮಾತ್ರ ಕುಂಬಳ, ಬೆಲ್ಲದ ನೀರು, ಮೊಸರಿನಲ್ಲಿ 20 ನಿಮಿಷ ನೆನೆಯಲು ಬಿಡಿ, ತರಿತರಿ ಹೋಗುತ್ತದೆ. ಸೋಡಾ, ಪೌಡರ್, ಗೋಧಿ ಕೊನೆಗೆ.

ಸಜ್ಜೆಯನ್ನಂತೂ ಕೇಕಿಗಿಂತ ಬಿಸ್ಕೆಟ್ಟಿಗೆ ಹಾಕಿ ನೋಡಿ. ಬಿಸ್ಕೆಟ್ ಪುಡಿಯಾಗುವುದೇ ಗುಣ, ಅಲ್ಲಿ ಅಂಟು ಇಲ್ಲದಿದ್ದರೂ ಯಾರೂ ಕೇಳುವುದಿಲ್ಲ. ಮೇಲೆ ಎಳ್ಳು ಒತ್ತಿದರೆ ಶೀಗಿ ಹುಣ್ಣಿಮೆಯ ಸಜ್ಜೆ ರೊಟ್ಟಿಯದೇ ಘಮ. ಒಂದು ಮಾತು, ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ಗಿರಣಿಯಿಂದ ಬಂದ ವಾರದೊಳಗೆ ಬಳಸಿ. ಅಂಗಡಿಯ ಪೊಟ್ಟಣದ ಸಜ್ಜೆ ಹಿಟ್ಟು ನನಗೆ ಎರಡು ಸಲ ಕೈಕೊಟ್ಟಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ಪೊಟ್ಟಣಗಳೇನೋ ಎಲ್ಲ ಕಡೆ ಬಂದವು, ಬೀಸಿ ಎಷ್ಟು ದಿನವಾಯಿತು ಎಂದು ನೋಡಿ ಕೊಳ್ಳುವವರು ಕಡಿಮೆ.

ಮತ್ತೆ ಚಮಚದಲ್ಲಿ ತಿಂದರು ಅಂದಿರಲ್ಲ, ತಿಂದರು ತಾನೇ! ಉಳಿದ ಪುಡಿ ಇದ್ದರೆ ತುಪ್ಪ ಹಾಕಿ ಉಂಡೆ ಕಟ್ಟಿಕೊಡಿ. ಸೊಸೆಗೆ ಅದು ಹಿಂದೆ ಕೇಕಾಗಿತ್ತು ಎಂದು ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಮತ್ತು ನನ್ನ ಇಬ್ಬರು ಮಕ್ಕಳು ಸೇರಿ ನಾನ್‌ಖಟಾಯಿ ಮಾಡಿದೆವು. ಟ್ರೇನಲ್ಲಿ ಹದಿನಾರು ಉಂಡೆ ಇಟ್ಟಿದ್ದೆವು, ಹೊರಗೆ ಬಂದದ್ದು ಒಂದೇ ದೊಡ್ಡ ಬಿಸ್ಕೆಟ್. ಹೆಂಡತಿ ಊರಿಂದ ಬರುವುದರೊಳಗೆ ಕಲಿಯಬೇಕು, ದಯವಿಟ್ಟು ಬೇಗ ಉತ್ತರಿಸಿ.
– ಒಬ್ಬ ಅಪ್ಪ, ಬಳ್ಳಾರಿ

ಉತ್ತರ: ಅಣ್ಣಾ, ತಪ್ಪು ನಿಮ್ಮದಲ್ಲ, ಬಳ್ಳಾರಿಯ ಮಧ್ಯಾಹ್ನದ್ದು. ನೀವು ಹಾಕಿದ ತುಪ್ಪ ಕರಗಿ ನೀರಾಗಿತ್ತು ಎಂದು ಪತ್ರ ನೋಡಿಯೇ ಹೇಳುತ್ತೇನೆ. ನಾನ್‌ಖಟಾಯಿಗೆ ಗಟ್ಟಿ ತುಪ್ಪ ಬೇಕು, ಬೆರಳು ಒತ್ತಿದರೆ ಗುಳಿ ಬೀಳುವಷ್ಟು. ನಮ್ಮಲ್ಲಿ ಅಕ್ಟೋಬರಿನಲ್ಲೂ ಹಗಲು ಸೆಕೆ ಇರುತ್ತದೆ, ತುಪ್ಪದ ಡಬ್ಬಿಯನ್ನು ಮೊದಲು ಫ್ರಿಜ್‌ನಲ್ಲಿ ಇಟ್ಟು ಗಟ್ಟಿ ಮಾಡಿಕೊಳ್ಳಿ.

ಅರ್ಧ ಕಪ್ ಗಟ್ಟಿ ತುಪ್ಪ, ಅರ್ಧ ಕಪ್ ಸಕ್ಕರೆ ಪುಡಿ. ಇದನ್ನು ದೊಡ್ಡ ತಟ್ಟೆಯಲ್ಲಿ ಹಾಕಿ ಅಂಗೈಯಿಂದ ತಿಕ್ಕುವ ಕೆಲಸ ಮಕ್ಕಳದ್ದು. ಹಳದಿ ತುಪ್ಪ ಬೆಳ್ಳಗಾಗಿ, ಉಬ್ಬಿ, ಬೆಣ್ಣೆಯ ಹಾಗೆ ಹಗುರ ಆಗುವವರೆಗೆ. ಒಬ್ಬರ ಕೈ ಸೋತರೆ ಇನ್ನೊಬ್ಬರು. ಆಮೇಲೆ ಒಂದು ಕಪ್ ಮೈದಾ, ಕಾಲು ಕಪ್ ಕಡಲೆ ಹಿಟ್ಟು, ಎರಡು ಚಮಚ ಸಣ್ಣ ರವೆ, ಕಾಲು ಚಮಚ ಬೇಕಿಂಗ್ ಪೌಡರ್, ಏಲಕ್ಕಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಸುಮ್ನೆ ಕೂಡಿಸಿ. ಉಂಡೆ ಕಟ್ಟಿ ಸ್ವಲ್ಪ ಒತ್ತಿ, ನಡುವೆ ಎರಡು ಬೆರಳು ಜಾಗ ಬಿಟ್ಟು, ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ಗೆ. ತಣ್ಣಗಿರುವಾಗಲೇ ಮೊದಲೇ ಕಾದ ಓವನ್ನಿಗೆ, 170 ಡಿಗ್ರಿ, 15 ರಿಂದ 18 ನಿಮಿಷ. ಓವನ್ ಕಾಯದೆ ಇಟ್ಟರೂ ಹರಡುತ್ತದೆ, ಯಾಕೆಂದರೆ ಹಿಟ್ಟು ಬಲಿಯುವ ಮೊದಲೇ ತುಪ್ಪ ಕರಗುತ್ತದೆ. ತೆಗೆದಾಗ ಮೆತ್ತಗಿರುತ್ತದೆ, ಬೆಂದಿಲ್ಲ ಎಂದು ಮತ್ತೆ ಒಳಗೆ ತಳ್ಳಬೇಡಿ. ಆರಿದ ಮೇಲೆ ಗರಿಯಾಗುತ್ತದೆ.

ನಾವು ಚಿಕ್ಕವರಿದ್ದಾಗ ಓವನ್ ಯಾರ ಮನೆಯಲ್ಲಿತ್ತು? ಹಬ್ಬಕ್ಕೆ ಮುಂಚೆ ಅವ್ವ ಮೈದಾ, ಸಕ್ಕರೆ, ಡಾಲ್ಡಾ ಅಳೆದು ಚೀಲದಲ್ಲಿ ಹಾಕಿ ನನ್ನನ್ನೂ ಅಣ್ಣನನ್ನೂ ಬೇಕರಿಗೆ ಕಳಿಸುತ್ತಿದ್ದಳು. ಭಟ್ಟಿಯ ಮುಂದೆ ಓಣಿಯ ಅರ್ಧ ಹುಡುಗರು. ನಮ್ಮ ಹಿಟ್ಟು, ಅವರ ಭಟ್ಟಿ, ಕಿಲೋಗೆ ಇಷ್ಟು ಎಂದು ಕೂಲಿ. ಕಪ್ಪು ತಗಡಿನ ಟ್ರೇಯ ಮೂಲೆಯಲ್ಲಿ ಹೆಸರು ಬರೆದ ಚೀಟಿ ಸಿಕ್ಕಿಸಿ, ಅದು ಸುಟ್ಟುಹೋದರೆ ನಮ್ಮದು ಯಾವುದು ಎಂದು ಜಗಳ. ಅಣ್ಣ ಅದಕ್ಕೇ ನಮ್ಮ ಬಿಸ್ಕೆಟ್ಟಿನ ಮೇಲೆಲ್ಲ ಉಗುರಿನಿಂದ ಗೀರು ಹಾಕುತ್ತಿದ್ದ. ಈಗಲೂ ಕೆಲವು ಹಳೆಯ ಬೇಕರಿಗಳಲ್ಲಿ ಕೇಳಿದರೆ ಹಾಗೆ ಮಾಡಿಕೊಡುತ್ತಾರೆ. ನಿಮ್ಮ ಓವನ್ ಮತ್ತೆ ಮುನಿಸಿಕೊಂಡರೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ, ಭಟ್ಟಿ ನೋಡಿದ ಹಾಗೂ ಆಗುತ್ತದೆ.

ಪ್ರಶ್ನೆ: ನಾನು ಆರನೇ ಕ್ಲಾಸ್. ಅಮ್ಮನ ಜೊತೆ ಕೇಕ್ ಮಾಡಿದೆ. ಮೊದಲು ಚೆನ್ನಾಗಿ ಉಬ್ಬಿತ್ತು, ನಾನು ನಾಲ್ಕು ಸಲ ತೆರೆದು ನೋಡಿದೆ. ಕೊನೆಗೆ ನಡುವೆ ಹೊಂಡ ಬಿತ್ತು. ಯಾಕೆ?
– ಒಬ್ಬ ಹುಡುಗ, ಸಿಂಧನೂರು

ಉತ್ತರ: ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ ತಮ್ಮಾ, ನಾಲ್ಕು ಸಲ!

ಒಂದು ಆಟ ಹೇಳುತ್ತೇನೆ, ಮಾಡು. ಖಾಲಿ ನೀರಿನ ಬಾಟಲಿಗೆ ಎರಡು ನಿಂಬೆಹಣ್ಣಿನ ರಸ ಹಿಂಡು. ಬಲೂನಿನ ಒಳಗೆ ಒಂದು ಚಮಚ ಅಡುಗೆ ಸೋಡಾ ಹಾಕು. ಬಲೂನಿನ ಬಾಯಿಯನ್ನು ಬಾಟಲಿ ಬಾಯಿಗೆ ಸಿಕ್ಕಿಸಿ, ಸೋಡಾ ಕೆಳಗೆ ಬೀಳುವ ಹಾಗೆ ಎತ್ತು. ಬುಸ್ ಎಂದು ನೊರೆ ಬಂದು ಬಲೂನ್ ತಾನೇ ಎದ್ದು ನಿಲ್ಲುತ್ತದೆ. ಸೋಡಾಕ್ಕೆ ಹುಳಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಕೇಕಿನಲ್ಲಿ ನಿಂಬೆಯ ಬದಲು ಮೊಸರು. ಬೇಕಿಂಗ್ ಪೌಡರ್ ಅಂದರೆ ಸೋಡಾ ಮತ್ತು ಹುಳಿಪುಡಿ ಎರಡೂ ಒಂದೇ ಡಬ್ಬಿಯಲ್ಲಿ, ಒದ್ದೆಯಾಗುವವರೆಗೆ ಸುಮ್ಮನಿರುತ್ತವೆ.

ಈಗ ನಿನ್ನ ಕೇಕಿಗೆ ಬರೋಣ. ಒಳಗೆ ಸಾವಿರಾರು ಸಣ್ಣ ಬಲೂನ್ ಉಬ್ಬಿವೆ ಅಂದುಕೋ. ಬಿಸಿಗೆ ಅವುಗಳ ಸುತ್ತಲಿನ ಹಿಟ್ಟು ಗಟ್ಟಿಯಾಗಬೇಕು, ಆಗ ಗೋಡೆ ಕಟ್ಟಿದ ಹಾಗೆ. ಗೋಡೆ ಹಸಿಯಿರುವಾಗಲೇ ನೀನು ಬಾಗಿಲು ತೆಗೆದೆ, ಬಿಸಿ ಹೊರಗೆ ಹೋಯಿತು, ಗಾಳಿ ಕುಗ್ಗಿತು, ಗೋಡೆ ಬಿತ್ತು. ನಡುವೆಯೇ ಯಾಕೆ? ಅಂಚು ಮೊದಲು ಬೇಯುತ್ತದೆ, ನಡು ಕೊನೆಗೆ. ಮೊದಲ 30 ನಿಮಿಷ ಮುಟ್ಟಬೇಡ. ಹಿಟ್ಟು ಕಲಸಿಟ್ಟು ಆಟಕ್ಕೂ ಹೋಗಬೇಡ, ಸೋಡಾ ಕಲಸಿದ ತಕ್ಷಣ ಗುಳ್ಳೆ ಶುರುವಾಗುತ್ತದೆ, ಅರ್ಧ ಗಂಟೆ ಬಿಟ್ಟರೆ ಅರ್ಧ ಹೋಗಿರುತ್ತದೆ. ಹಾಗಂತ ಸೋಡಾ ಜಾಸ್ತಿ ಹಾಕಿದರೆ ಸೋಪಿನ ರುಚಿ.

ಹೊಂಡ ಬಿದ್ದ ಕೇಕ್ ಒಳಗೆ ಬೆಂದಿದ್ದರೆ ಆ ಹೊಂಡಕ್ಕೆ ಬಾಳೆಹಣ್ಣು, ಕೆನೆ ತುಂಬಿ ಅಮ್ಮನಿಗೆ ಕೊಡು.

ಪ್ರಶ್ನೆ: ನನ್ನ ಮಗಳಿಗೆ ಬರೀ ನಾಲ್ಕು ವರ್ಷ. ಅಕ್ಕ ಮಾಡುವುದೆಲ್ಲ ತಾನೂ ಮಾಡಬೇಕು ಎನ್ನುತ್ತಾಳೆ. ಒಲೆ ಹತ್ತಿರ ಬಿಡಲು ಭಯ.
– ಒಬ್ಬ ತಾಯಿ, ಲಿಂಗಸುಗೂರು

ಉತ್ತರ: ಭಯ ಇರಲಿ, ಅದು ಒಳ್ಳೆಯದೇ. ಒಲೆ, ಓವನ್, ಬಿಸಿ ಬೆಲ್ಲದ ಪಾಕ, ಮೂರರಿಂದಲೂ ಮೂರು ಮೊಳ ದೂರ. ಬಿಸಿ ಪಾಕ ನೀರಿಗಿಂತ ಕೆಟ್ಟದ್ದು, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಆದರೆ ಹುಡುಗಿಗೆ ಸುಳ್ಳು ಕೆಲಸ ಕೊಡಬೇಡಿ. ಒಂದು ಉಂಡೆ ಹಿಟ್ಟು ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಚೆನ್ನಾಗಿ ಗೊತ್ತಾಗುತ್ತದೆ. ಅವಳು ಮಾಡದಿದ್ದರೆ ಬಿಸ್ಕೆಟ್ ಆಗುವುದಿಲ್ಲ ಎನ್ನುವಂಥ ಕೆಲಸ ಬೇಕು.

ಶೇಂಗಾ ಬಿಸ್ಕೆಟ್ ಮಾಡಿ. ಹುರಿಯುವುದು ನೀವು. ಪೂರ್ತಿ ಆರಿದ ಮೇಲೆ ಮೊರಕ್ಕೆ ಸುರಿದು ಅವಳ ಮುಂದೆ ಇಡಿ. ನನ್ನ ತಂಗಿಯ ಮಗಳು ಎರಡೂ ಅಂಗೈ ಒತ್ತಿ ಗರಗರ ತಿಕ್ಕುತ್ತಾಳೆ, ಸಿಪ್ಪೆ ಬಿಟ್ಟು ಕಾಳು ಬೆಳ್ಳಗೆ ಇಣುಕಿದ ಕೂಡಲೇ ಕೆನ್ನೆ ಉಬ್ಬಿಸಿ ಊದುತ್ತಾಳೆ. ಸಿಪ್ಪೆಯೆಲ್ಲ ಎದ್ದು ಅವಳದೇ ತಲೆ ಮೇಲೆ, ಹುಬ್ಬಿನ ಮೇಲೆ. ಅಂಗಳದಲ್ಲಿ ಮಾಡಿಸಿ, ಒಳಗೆ ಮಾಡಿಸಿದರೆ ದೀಪಾವಳಿವರೆಗೂ ಗುಡಿಸುತ್ತಿರುತ್ತೀರಿ. ಕಪ್ಪಾದ, ಮುದುರಿದ, ಬೂಷ್ಟು ಹಿಡಿದ ಕಾಳು ಆರಿಸುವುದನ್ನು ಅಕ್ಕನಿಗೆ ಕೊಡಿ, ಅವು ಬರೀ ಕಹಿಯಲ್ಲ, ಆ ಬೂಷ್ಟಿನಲ್ಲಿ ವಿಷದ ಅಂಶ ಇರಬಹುದು. ಒಂದು ಕಪ್ ಶೇಂಗಾ ಪುಡಿ, ಒಂದು ಕಪ್ ಗೋಧಿ ಹಿಟ್ಟು, ಮುಕ್ಕಾಲು ಕಪ್ ಬೆಲ್ಲದ ಪುಡಿ, ಅರ್ಧ ಕಪ್ ತುಪ್ಪ, ಚಿಟಿಕೆ ಸೋಡಾ, ಕಟ್ಟಲು ಒಂದೆರಡು ಚಮಚ ಹಾಲು. ಲಟ್ಟಿಸಿ ಡಬ್ಬಿ ಮುಚ್ಚಳದಿಂದ ಒತ್ತುವುದು ಮತ್ತೆ ಅವಳ ಕೆಲಸ. ಓವನ್ನಿನಲ್ಲಿ 170 ಡಿಗ್ರಿ, 15 ನಿಮಿಷ. ಇಷ್ಟು ಸಣ್ಣವರ ಬಾಯಿಗೆ ಇಡೀ ಕಾಳು ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿಯಾದರೆ ಪರವಾಗಿಲ್ಲ. ಶೇಂಗಾ ತಿಂದು ಮೈ ತುರಿಸಿದ, ತುಟಿ ಊದಿದ ಮಗು ಮನೆಯಲ್ಲಿದ್ದರೆ ಈ ಬಿಸ್ಕೆಟ್ಟೇ ಬೇಡ, ಎಳ್ಳನ್ನೂ ಡಾಕ್ಟರನ್ನು ಕೇಳಿ ಕೊಡಿ.

ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಸರಿ, ಹಸಿ ಹಿಟ್ಟಿನಲ್ಲೂ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು. ನನ್ನ ಮನೆಯಲ್ಲಿ ಈ ನಿಯಮ ಜಾರಿಯಾಗಲು ಎರಡು ವರ್ಷ ಬೇಕಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ಸೀತಾಫಲದ ಕೇಕ್ ಮಾಡಿದೆ, ವಿಷದಷ್ಟು ಕಹಿ! ಹಣ್ಣು ಸಕ್ಕರೆಯಂತಿತ್ತು.
– ಗಂಗಾವತಿಯಿಂದ

ಉತ್ತರ: ಸೀತಾಫಲವನ್ನು ಬಿಸಿ ಮಾಡಬಾರದು. ಎಷ್ಟು ಸಿಹಿ ಹಣ್ಣಾದರೂ ಕಾಯಿಸಿದರೆ ಕಹಿಯಾಗುತ್ತದೆ, ಅದರ ಗುಣವೇ ಹಾಗೆ. ಸಾದಾ ಕೇಕ್ ಮಾಡಿ ಪೂರ್ತಿ ಆರಿಸಿ, ತಿರುಳನ್ನು ತಣ್ಣನೆ ಕೆನೆಯಲ್ಲಿ ಕಲಸಿ ಮೇಲೆ ಹಚ್ಚಿ. ಬೀಜ ಬಿಡಿಸಲು ಬೇಸರವೆಂದು ಮಿಕ್ಸಿಗೆ ಹಾಕಬೇಡಿ, ಜೋಕೆ, ಬೀಜದ ಒಳಗಿನದು ವಿಷ, ಪುಡಿಯಾಗಬಾರದು. ಜರಡಿಯ ಮೇಲೆ ಹಾಕಿ ಕೈಯಲ್ಲೇ ಉಜ್ಜಿ. ಇದಕ್ಕೆ ಮಕ್ಕಳಿಗಿಂತ ಒಳ್ಳೆಯ ಕೆಲಸಗಾರರಿಲ್ಲ, ಹಣ್ಣು ಮಾತ್ರ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ ತನ್ನಿ.

ಪ್ರಶ್ನೆ: ಸಣ್ಣ ಓವನ್ ಕೊಂಡಿದ್ದೇವೆ. ಕರೆಂಟ್ ಬಿಲ್ ಏರುತ್ತದೆ ಎಂದು ಮಾವನವರು ಪ್ಲಗ್ ಹಾಕಲು ಬಿಡುತ್ತಿಲ್ಲ.
– ಸಿರುಗುಪ್ಪದಿಂದ

ಉತ್ತರ: ಓವನ್ನಿನ ಹಿಂದೆ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. 1200 ವ್ಯಾಟ್ ಇದ್ದರೆ ಒಂದು ಗಂಟೆ ಪೂರ್ತಿ ಉರಿದರೂ 1.2 ಯೂನಿಟ್. ಕಾದ ಮೇಲೆ ಅದು ಆರಿ ಹತ್ತುತ್ತಿರುತ್ತದೆ, ಹಾಗಾಗಿ ಅಷ್ಟೂ ಆಗುವುದಿಲ್ಲ. ಮಾವನವರಿಗೆ ಮೀಟರ್ ಮುಂದೆ ನಿಲ್ಲಿಸಿಯೇ ತೋರಿಸಿ. ಆದರೆ ಫೋನ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬೇಡಿ, ಗೀಸರ್ ಹಾಕುವಂಥ 16 ಆಂಪಿಯರ್ ಪಾಯಿಂಟ್ ಬೇಕು. ಕೇಕ್ ಅರ್ಧ ಬೆಂದಾಗ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿ ಸ್ವಲ್ಪ ಹೊತ್ತು ಇರುತ್ತದೆ. ಹತ್ತು ನಿಮಿಷವಾದರೂ ಬರದಿದ್ದರೆ ಮೇಲೆ ಹೇಳಿದ ಮರಳಿನ ಪಾತ್ರೆಗೆ ವರ್ಗಾಯಿಸಿ.

ಪ್ರಶ್ನೆ: ಬೆಲ್ಲದ ಕೇಕ್ ಎಷ್ಟು ದಿನ ಇಡಬಹುದು?
– ಮಾನ್ವಿಯಿಂದ

ಉತ್ತರ: ಕುಂಬಳಕಾಯಿ ಹಾಕಿದ್ದರೆ ಹೊರಗೆ ಎರಡು ದಿನ, ಫ್ರಿಜ್‌ನಲ್ಲಿ ಐದು. ನಾನ್‌ಖಟಾಯಿ, ಶೇಂಗಾ ಬಿಸ್ಕೆಟ್ ಪೂರ್ತಿ ಆರಿಸಿ ಬಿಗಿ ಡಬ್ಬಿಗೆ ಹಾಕಿದರೆ ಎರಡು ವಾರ. ಬಿಸಿಯಿರುವಾಗ ಮುಚ್ಚಳ ಹಾಕಿದರೆ ಬೆವೆತು ಮೆತ್ತಗಾಗುತ್ತವೆ. ಆಗ ಐದು ನಿಮಿಷ ಓವನ್ನಿನಲ್ಲಿಟ್ಟು ತೆಗೆಯಿರಿ, ಓವನ್ ಇಲ್ಲದವರು ಸಣ್ಣ ಉರಿಯ ಹಂಚಿನ ಮೇಲೆ ಮುಚ್ಚಿಡಿ, ಮತ್ತೆ ಗರಿಯಾಗುತ್ತವೆ.